ಜಂಗಮಕೋಟೆಯ ಮೇಲ್ ಸರ್ವರ್, ಗೌರಿಬಿದನೂರಿನ ನಕಲು

೨೦೨೫ನೇ ಇಸವಿ. ಚಿಕ್ಕಬಳ್ಳಾಪುರದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಆಗಿದ್ದ ನಾನು ನಿವೃತ್ತಳಾಗಿ ಕೆಲವು ತಿಂಗಳಾಗಿತ್ತು. ಕಾಲೇಜಿನ ಇಮೇಲ್, ನೆಟ್‌ವರ್ಕ್, ಲ್ಯಾಬಿನ ಕಂಪ್ಯೂಟರುಗಳು, ಪ್ರಿನ್ಸಿಪಾಲರ ಹಟಮಾರಿ ಪ್ರಿಂಟರ್, ಇವೆಲ್ಲ ಅಷ್ಟು ವರ್ಷ ನನ್ನ ತಲೆನೋವಾಗಿದ್ದವು. ನಿವೃತ್ತಿಯಾದ ಮೇಲೆ ತಲೆನೋವಿಲ್ಲದಿರುವುದೇ ಒಂದು ತಲೆನೋವಾಯಿತು. ಕೂತಲ್ಲಿ ಕೂರುವ ಸ್ವಭಾವ ನನ್ನದಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ನಮ್ಮ ಮನೆಯವರು ಹಂಗಿಸುತ್ತಾರೆ. ಚೆನ್ನಾಗಿಯೇ ಇದ್ದ ಮನೆಯ ರೂಟರನ್ನು ಸುಮ್ಮನೆ ಬಿಚ್ಚಿ ಮತ್ತೆ ಜೋಡಿಸುತ್ತಿದ್ದ ಆ ದಿನಗಳಲ್ಲಿ ರುಕ್ಮಿಣಮ್ಮ ನಮ್ಮ ಮನೆ ಹುಡುಕಿಕೊಂಡು ಬಂದರು.

ರುಕ್ಮಿಣಮ್ಮ ಜಂಗಮಕೋಟೆಯವರು. ಮನೆಯ ಮುಂದೆ ಹಿಪ್ಪುನೇರಳೆ ತೋಟ, ಮನೆಯ ಹಿಂದೆ ರೇಷ್ಮೆ ಹುಳು ಸಾಕುವ ಹುಳುಮನೆ. ಅವರ ತಂಗಿ ಶಾರದಮ್ಮ ಗೌರಿಬಿದನೂರಿನಲ್ಲಿ ಪ್ರೈಮರಿ ಶಾಲೆಯ ಟೀಚರಾಗಿದ್ದವರು. ಗಂಟಲಿನ ಕ್ಯಾನ್ಸರಿಗೆ ಆಪರೇಷನ್ ಆಗಿ ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಜೀವ ಉಳಿಯಿತು, ಮಾತು ಹೋಯಿತು. ಅಂದಿನಿಂದ ಅಕ್ಕತಂಗಿಯರ ಮಾತೆಲ್ಲ ಇಮೇಲಿನಲ್ಲಿ. ಚುಟುಕು ಮೆಸೇಜು ಶಾರದಮ್ಮನಿಗೆ ಒಗ್ಗದು. ಟೀಚರ್ ಕೈ, ಪೂರ್ತಿ ವಾಕ್ಯವೇ ಆಗಬೇಕು. ಬೆಳಿಗ್ಗೆ ಒಂದು ಮೇಲ್, ಸಂಜೆ ಒಂದು, ನಡುವೆ ಜಗಳವಾದರೆ ಇನ್ನೊಂದು.

ಆ ಶಾರದಮ್ಮನ ಉಚಿತ ಇಮೇಲ್ ಖಾತೆ ಒಂದು ದಿನ ಇದ್ದಕ್ಕಿದ್ದಂತೆ ಲಾಕ್ ಆಯಿತು. ಸಹಾಯವಾಣಿಯಿಂದ ಕರೆ ಬಂತು. ಹೆಸರು, ಹುಟ್ಟಿದ ದಿನ ಬಾಯಲ್ಲಿ ಹೇಳಿ ಎಂದರು. ಈ ಕಡೆಯಿಂದ ಉತ್ತರ ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಕರೆ ಕಟ್ಟಾಯಿತು, ಖಾತೆ ಮುಚ್ಚಿಹೋಯಿತು. ಅದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು.

“ನಮ್ ಟಪಾಲು ನಮ್ ಮನೇಲೇ ಇರಬೇಕು ಕಣಮ್ಮ,” ಎಂದರು ರುಕ್ಮಿಣಮ್ಮ. “ನಮ್ಮನೇಲಿ ಏನಾರ ಹೆಚ್ಚುಕಮ್ಮಿ ಆದ್ರೆ ತಂಗಿ ಮನೇಲಿ ಇರಬೇಕು. ಆಗ್ತದಾ?”

ಆಗುತ್ತದೆ ಎಂದೆ. ಕಾಫಿ ಕುಡಿದು ಹೊರಟವರು ಬಾಗಿಲ ಹತ್ತಿರ ನಿಂತರು. ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯಿಂದ ಶಾರದಮ್ಮ ತಮ್ಮ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅಕ್ಕನಿಗೆ ಮೇಲ್ ಮಾಡುತ್ತಿದ್ದರಂತೆ. ಆಪರೇಷನ್ ಆದ ಮೇಲೆ, ಅದನ್ನೆಲ್ಲ ಅಳಿಸಿಬಿಡು, ಇಲ್ಲದ ದನಿ ಯಾರೂ ಕೇಳುವುದು ಬೇಡ ಎಂದು ಬರೆದರು. ಅಳಿಸಿದೆ ಎಂದು ಅಕ್ಕ ಉತ್ತರ ಬರೆದರು. ಅಳಿಸಿರಲಿಲ್ಲ. ತಂಗಿಯ ಖಾತೆ ಮುಚ್ಚಿದ ಮೇಲೆ ಆ ರೆಕಾರ್ಡಿಂಗುಗಳು ಇದ್ದದ್ದು ರುಕ್ಮಿಣಮ್ಮನ ಇನ್‌ಬಾಕ್ಸಿನಲ್ಲಿ ಮಾತ್ರ.

“ಅವಳಿಗೆ ಹೇಳಬ್ಯಾಡಮ್ಮ. ಅವೂ ಹೋದ್ರೆ ನನ್ ತಂಗಿ ಇನ್ನೊಂದ್ ಸಲ ಮೂಕಿ ಆದಂಗೆ.”

ಇದಾದ ಮೇಲೆ ನನಗೆ ಸಾಫ್ಟ್‌ವೇರ್ ಆರಿಸುವ ಚಡಪಡಿಕೆ ಶುರುವಾಯಿತು. ಮೇಲ್ ಸರ್ವರ್ ಎಂದರೆ ಬಂದ ಟಪಾಲನ್ನು ತೆಗೆದುಕೊಂಡು, ಯಾರ ಪೆಟ್ಟಿಗೆಗೆ ಸೇರಬೇಕೋ ಅಲ್ಲಿ ಹಾಕಿ, ಕೇಳಿದಾಗ ಕೊಡುವ ಕಂಪ್ಯೂಟರ್. ರೆಪ್ಲಿಕೇಷನ್ ಎಂದರೆ ಒಂದು ಸರ್ವರಿನಲ್ಲಿ ಆದದ್ದೆಲ್ಲ ಕೂಡಲೇ ಇನ್ನೊಂದರಲ್ಲೂ ಆಗುವಂತೆ ಮಾಡುವ ಏರ್ಪಾಡು. ಒಂದು ಕೆಟ್ಟರೆ ಇನ್ನೊಂದು ಎದ್ದು ನಿಲ್ಲುತ್ತದೆ. ಕಾಲೇಜಿನಲ್ಲಿ ನಾನು ವರ್ಷಗಟ್ಟಲೆ ಡವ್‌ಕಾಟ್ ಎಂಬ ಸಾಫ್ಟ್‌ವೇರ್ ನಡೆಸಿದ್ದೆ. ಅದರ ಗುಣ, ಮುನಿಸು ಎರಡೂ ಗೊತ್ತು. ಆದರೆ ಅದರ ಹೊಸ ಆವೃತ್ತಿಯಲ್ಲಿ ಎರಡು ಸರ್ವರುಗಳನ್ನು ತಾನಾಗಿಯೇ ಸರಿಸಮ ಇಡುವ ಭಾಗವನ್ನು ತೆಗೆದುಬಿಟ್ಟಿದ್ದರು. ಹಳೆಯ ಆವೃತ್ತಿಯಲ್ಲೇ ಉಳಿದರೆ ಮುಂದೆ ಭದ್ರತೆಗೆ ತೇಪೆ ಹಾಕುವವರಿಲ್ಲ. ಇನ್ನೊಂದು ಸೈರಸ್. ಅದರಲ್ಲಿ ರೆಪ್ಲಿಕೇಷನ್ ಒಳಗೇ ಇದೆ, ಹಳೆಯದು, ಗಟ್ಟಿ. ಆದರೆ ಅದರ ಕಾನ್ಫಿಗರೇಷನ್ ಕಬ್ಬಿಣದ ಕಡಲೆ. ಇವೆರಡೂ ಬೇಡ, ದಿನಕ್ಕೊಮ್ಮೆ ಫೈಲುಗಳನ್ನು ನಕಲು ಮಾಡಿಕೊಂಡರೆ ಸಾಕು ಎಂಬ ಸುಲಭದ ದಾರಿಯೂ ಇತ್ತು. ಆದರೆ ಎರಡು ನಕಲುಗಳ ನಡುವೆ ಯಂತ್ರ ಕೆಟ್ಟರೆ ಆ ದಿನದ ಮೇಲ್ ಹೋದಂತೆಯೇ.

ಬೆಳಿಗ್ಗೆ ಡವ್‌ಕಾಟ್ ಎಂದುಕೊಳ್ಳುವುದು, ಒಗ್ಗರಣೆ ಹಾಕುವ ಹೊತ್ತಿಗೆ ಸೈರಸ್ ಎನಿಸುವುದು. ಎರಡನ್ನೂ ಹಾಕಿ ನೋಡುವುದು, ಎರಡನ್ನೂ ಕಿತ್ತು ಹಾಕುವುದು. ಸಾರಿಗೆ ಎರಡು ಸಲ ಉಪ್ಪು ಬಿದ್ದ ದಿನ ನಮ್ಮ ಮನೆಯವರು ತಟ್ಟೆ ಸರಿಸಿದರು. “ಮಗಳಿಗೆ ಗಂಡು ನೋಡೋವಾಗ್ಲೂ ನೀನಿಷ್ಟು ಒದ್ದಾಡ್ಲಿಲ್ಲ ಕಣೇ.” ಅವರು ಹೇಳಿದ್ದು ನಿಜ. ಅಳಿಯನನ್ನು ಒಪ್ಪಿದ್ದು ಒಂದೇ ಭೇಟಿಯಲ್ಲಿ. ಕೊನೆಗೆ ಸೈರಸ್ ಎಂದು ಗಟ್ಟಿ ಮಾಡಿಕೊಂಡೆ. ಚಿಂತಾಮಣಿಯ ಶಾಲೆಯೊಂದು ತನ್ನ ಲ್ಯಾಬಿನಿಂದ ಮಾರುತ್ತಿದ್ದ ಅಂಗೈ ಅಗಲದ ಎರಡು ಹಳೆಯ ಮಿನಿ ಪಿಸಿಗಳನ್ನು ತಂದು, ತೊಳೆದು ಒರೆಸಿ ಸಿದ್ಧ ಮಾಡಿದೆ.

ಜಂಗಮಕೋಟೆಯಲ್ಲಿ ಯಂತ್ರ ಕೂರಿಸುವ ದಿನ ರುಕ್ಮಿಣಮ್ಮ ಎರಡು ಷರತ್ತು ಹಾಕಿದರು. ಎರಡೂ ಹುಳುಮನೆಯಿಂದ ಬಂದವು. ಹುಳುಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಮನೆಯವರೇ ಆದರೂ ಕೈಕಾಲು ತೊಳೆದು, ಸುಣ್ಣ ತುಳಿದೇ ಒಳಗೆ ಹೋಗಬೇಕು, ಇಲ್ಲದಿದ್ದರೆ ಹುಳುವಿಗೆ ರೋಗ. ಈ ಪೆಟ್ಟಿಗೆಗೂ ಅದೇ ಕಾನೂನು ಎಂದರು. ಅಕ್ಕತಂಗಿಯರು ಫೋನಿನಲ್ಲಿ ತಮ್ಮ ಮೇಲ್ ನೋಡುವುದೊಂದನ್ನು ಬಿಟ್ಟರೆ, ಹೊರಗಿನಿಂದ ಇಂಟರ್ನೆಟ್ ಮೂಲಕ ಯಾರೂ, ನಾನೂ ಸಹ, ಒಳಗೆ ಲಾಗಿನ್ ಆಗುವಂತಿರಬಾರದು. ಏನಾದರೂ ಮಾಡಬೇಕಾದರೆ ಮನೆಗೇ ಬಂದು ಮಾಡಬೇಕು. ಭದ್ರತೆಯ ದೃಷ್ಟಿಯಿಂದ ಇದು ಒಳ್ಳೆಯದೇ, ಸಂತೋಷವಾಗಿ ಒಪ್ಪಿದೆ.

ಎರಡನೆಯದಕ್ಕೆ ನಾನು ತಕರಾರು ತೆಗೆದೆ. ಒಂದು ಬೆಳೆ ಮುಗಿದು ಗೂಡು ಮಾರ್ಕೆಟ್ಟಿಗೆ ಹೋದ ಕೂಡಲೇ ಹುಳುಮನೆಯನ್ನು ಪೂರ್ತಿ ಬರಿದು ಮಾಡುತ್ತಾರೆ. ಉಳಿದ ಸೊಪ್ಪು, ಹಿಕ್ಕೆ, ಸತ್ತ ಹುಳು ಎಲ್ಲ ಆಚೆಗೆ. ಬ್ಲೀಚಿಂಗ್ ಪೌಡರಿನಲ್ಲಿ ಗೋಡೆ, ನೆಲ, ತಟ್ಟೆ ಎಲ್ಲ ತೊಳೆಯುತ್ತಾರೆ. ಹಳೆಯ ಬೆಳೆಯ ಒಂದು ಚೂರೂ ಉಳಿಯಬಾರದು. ರುಕ್ಮಿಣಮ್ಮನಿಗೆ ಈ ಅಭ್ಯಾಸ ಎಷ್ಟು ಮೈಗೆ ಹತ್ತಿತ್ತೆಂದರೆ, ಬೆಳೆ ಮುಗಿದಾಗಲೆಲ್ಲ ಫೋನಿನ ಮೇಲನ್ನೂ ಬರಿದು ಮಾಡುತ್ತಿದ್ದರು. ತಂಗಿಯ ದನಿ ಇರುವ ಮೇಲುಗಳನ್ನು ಮಾತ್ರ ಬಿಟ್ಟು, ಮಿಕ್ಕದ್ದೆಲ್ಲ ಆಚೆಗೆ. ಅಳಿಸಿದ್ದನ್ನು ಸರ್ವರಿನಲ್ಲಿ ಸ್ವಲ್ಪ ದಿನ ಬಚ್ಚಿಟ್ಟುಕೊಳ್ಳುವ ಸೌಕರ್ಯ ಇದೆ, ಇಟ್ಟಿರೋಣ ಎಂದೆ.

“ಗುಡಿಸಿದ ಕಸಾನ ಮಂಚದ ಕೆಳಗೆ ಇಟ್ಕೊತಾರಾ ಯಾರಾದ್ರೂ? ಅಳಿಸಿದ್ರೆ ಅಳಿಸಿಹೋಗಬೇಕು.”

ಯಂತ್ರ ಅವರದು, ಮೇಲ್ ಅವರದು. ಅವರು ಹೇಳಿದಂತೆಯೇ ಮಾಡಿದೆ. ಅವರ ಹಳೆಯ ಇನ್‌ಬಾಕ್ಸಿನಲ್ಲಿದ್ದದ್ದನ್ನೆಲ್ಲ ಹೊಸ ಸರ್ವರಿಗೆ ಸಾಗಿಸಿ ಆ ಖಾತೆ ಮುಚ್ಚಿದೆವು. ಹುಳುಮನೆಯ ಬಿಸಿ, ತೇವ ಅಳೆಯುವ ಉಪಕರಣಗಳಿಗೆಂದು ಅವರಲ್ಲಿ ಮೊದಲೇ ಒಳ್ಳೆಯ ಫೈಬರ್ ಲೈನ್ ಇತ್ತು. ಅಸಲು ಸರ್ವರ್ ಅಲ್ಲಿ, ದೊಡ್ಡ ಬ್ಯಾಟರಿಯ ಯುಪಿಎಸ್ ಜೊತೆಗೆ. ನಕಲು ಗೌರಿಬಿದನೂರಿನಲ್ಲಿ, ಶಾರದಮ್ಮನ ಟೀವಿಯ ಪಕ್ಕ. ಅಕ್ಕನ ಇಮೇಲುಗಳ ನಕಲೂ ಅದರಲ್ಲಿದೆ ಎಂದು ಶಾರದಮ್ಮನಿಗೆ ಗೊತ್ತಿತ್ತು. ಅದರೊಳಗೆ ಏನಿದೆ ಎಂದು ಗೊತ್ತಿರಲಿಲ್ಲ. ಅವರ ದನಿ ಅವರ ಮನೆಯಲ್ಲೇ ಬಂದು ಕೂತಿತ್ತು, ಅವರು ದಿನಾ ಅದರ ಮೇಲಿನ ಧೂಳು ಒರೆಸುತ್ತಿದ್ದರು.

ಹೀಗೆ ಕೆಲವು ತಿಂಗಳು ತಂಟೆಯಿಲ್ಲದೆ ನಡೆಯಿತು. ಬೇಸಿಗೆಯಲ್ಲಿ ರುಕ್ಮಿಣಮ್ಮನ ಒಂದು ಬೆಳೆ ಹಣ್ಣಿಗೆ ಬಂತು. ಹುಳು ಹಣ್ಣಾಗುವುದೆಂದರೆ ಗೂಡು ಕಟ್ಟಲು ತಯಾರಾಗುವುದು. ಆಗ ಎಲ್ಲ ಹುಳುವನ್ನೂ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರು ತಟ್ಟಿಗೆ ಹಾಕಬೇಕು. ಎಷ್ಟು ಕೈ ಇದ್ದರೂ ಸಾಲದು. ನೆಂಟರೆಲ್ಲ ಬಂದು ಕೈ ಹಾಕುವುದು ಈ ಕಡೆಯ ಪದ್ಧತಿ. ಶಾರದಮ್ಮನೂ ಗೌರಿಬಿದನೂರಿನ ಮನೆಗೆ ಬೀಗ ಹಾಕಿ ಅಕ್ಕನ ಮನೆಗೆ ಬಂದರು. ಅಚ್ಚುಕಟ್ಟಿನ ಹೆಂಗಸು, ಊರಿಗೆ ಹೊರಡುವಾಗ ಮೇನ್ ಸ್ವಿಚ್ ಆರಿಸುವುದು ಅವರ ರೂಢಿ. ಟೀವಿಯ ಪಕ್ಕದ ಪೆಟ್ಟಿಗೆಯೂ ನಿದ್ದೆ ಹೋಯಿತು.

ಗೂಡು ಬಿಡಿಸಿ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೊರಡುವ ಬೆಳಿಗ್ಗೆ ತಂಗಿಯನ್ನು ಬಸ್ ಹತ್ತಿಸಿ, ಮನೆಗೆ ಬೀಗ ಹಾಕಿ ರುಕ್ಮಿಣಮ್ಮ ಗೂಡಿನ ಜೊತೆ ಹೋದರು. ಹೊತ್ತು ಏರಿದ ಮೇಲೆ ನನಗೆ ಫೋನು ಬಂತು. ಹಿಂದೆ ಮಾರ್ಕೆಟ್ಟಿನ ಗಲಾಟೆ. ಅವರು ಅಳುತ್ತಿದ್ದರು, ಏನೂ ತಿಳಿಯಲಿಲ್ಲ. ಬಿಡಿಸಿ ಬಿಡಿಸಿ ಕೇಳಿದ ಮೇಲೆ ವಿಷಯ ಗೊತ್ತಾಯಿತು. ಹರಾಜಿಗೆ ಕಾಯುತ್ತಾ ಕೂತಿದ್ದಾಗ, ಬೆಳೆ ಮುಗಿಯಿತಲ್ಲ ಎಂದು ಮೇಲ್ ಬರಿದು ಮಾಡಲು ಹೊರಟಿದ್ದಾರೆ. ಮೊದಲು ಎಲ್ಲವನ್ನೂ ಗುರುತು ಹಾಕಿ, ಆಮೇಲೆ ತಂಗಿಯವನ್ನು ಗುರುತು ತೆಗೆಯುವುದು ಅವರ ಕ್ರಮ. ನಡುವೆ ಯಾರೋ ಅವರ ಲಾಟಿನ ಸರದಿ ಬಂತೆಂದು ಕೂಗಿದ್ದಾರೆ. ಆ ಅವಸರದಲ್ಲಿ ಗುರುತು ತೆಗೆಯದೆ ಒತ್ತಿಬಿಟ್ಟಿದ್ದಾರೆ.

“ಎಲ್ಲಾ ಹೋಯ್ತಮ್ಮ. ಅಯ್ಯೋ ದೇವುಡಾ, ನನ್ ಕೈಯಾರೆ ಅಳಿಸಿಬಿಟ್ಟೆ. ತಂಗಿ ಮನೇಲಿ ಇರ್ತದಲ್ವಾ? ಅದಕ್ಕೇ ಅಲ್ವಾ ಎರಡು ಇಟ್ಟಿದ್ದು?”

ರೆಪ್ಲಿಕೇಷನ್ ಬರುವ ಮೇಲನ್ನು ಹೇಗೆ ನಂಬಿಕೆಯಿಂದ ನಕಲು ಮಾಡುತ್ತದೋ ಅಳಿಸುವುದನ್ನೂ ಅಷ್ಟೇ ನಂಬಿಕೆಯಿಂದ ನಕಲು ಮಾಡುತ್ತದೆ. ಇದು ಬೇಕಾಗಿ ಅಳಿಸಿದ್ದೋ ಕೈತಪ್ಪಿ ಅಳಿಸಿದ್ದೋ ಎಂದು ಅದು ಯಾರನ್ನೂ ಕೇಳುವುದಿಲ್ಲ. ಅಸಲಿನಲ್ಲಿ ಹೋದದ್ದು ಕೂಡಲೇ ನಕಲಿನಲ್ಲೂ ಹೋಗಬೇಕಿತ್ತು. ಹೋಗಿರಲಿಲ್ಲ, ಏಕೆಂದರೆ ಗೌರಿಬಿದನೂರಿನ ಪೆಟ್ಟಿಗೆಗೆ ಕರೆಂಟಿರಲಿಲ್ಲ, ತಂಗಿ ಮೇನ್ ಸ್ವಿಚ್ ಆರಿಸಿ ಬಂದದ್ದನ್ನು ರುಕ್ಮಿಣಮ್ಮನೇ ಹೇಳಿದರು. ಜಂಗಮಕೋಟೆಯ ಸರ್ವರ್ ‘ಅಳಿಸು’ ಎಂಬ ಆಜ್ಞೆಯನ್ನು ಕೈಯಲ್ಲಿ ಹಿಡಿದು, ಆ ಕಡೆಯದು ಯಾವಾಗ ಏಳುತ್ತದೆಂದು ಕಾಯುತ್ತಿತ್ತು. ಶಾರದಮ್ಮ ಮನೆಗೆ ಹೋಗಿ ಮೇನ್ ಸ್ವಿಚ್ ಹಾಕಿದರೆ ಮುಗಿಯಿತು. ಶಾರದಮ್ಮ ಬಸ್ಸಿನಲ್ಲಿದ್ದರು.

“ನೀವು ಮನೆಗೆ ಹೋಗಿ ಆ ಪೆಟ್ಟಿಗೆಯ ವೈರೆಲ್ಲ ಕಿತ್ತುಹಾಕಿ,” ಎಂದೆ. ಅಕ್ಕಪಕ್ಕದವರಿಗೆ ಹೇಳಿ ಫ್ಯೂಸ್ ತೆಗೆಸಿ ಪ್ರಯೋಜನವಿರಲಿಲ್ಲ, ಯುಪಿಎಸ್ ಗಂಟೆಗಟ್ಟಲೆ ನಡೆಸುತ್ತಿತ್ತು. ನಾನು ಇಲ್ಲಿಂದಲೇ ಲಾಗಿನ್ ಆಗಿ ನಿಲ್ಲಿಸುವಂತೆಯೂ ಇರಲಿಲ್ಲ. ಮಾರ್ಕೆಟ್ಟಿನಲ್ಲಿ ಅವರ ಗೂಡು ಹರಾಜಿನ ತೊಟ್ಟಿಯಲ್ಲಿ ಬಿದ್ದಿತ್ತು. ಆ ಬೆಳೆಗೆ ಅವರು ನಿದ್ದೆ ಕೆಟ್ಟಿದ್ದರು. ಗೂಡು ಹೊತ್ತು ಮೀರಿದರೆ ಕೇಳುವವರಿಲ್ಲ.

“ಗೂಡು ಹೋದ್ರೆ ಹೋಗ್ಲಿ. ಹೊಂಟೆ.”

ಜಂಗಮಕೋಟೆಯಿಂದ ಗೌರಿಬಿದನೂರಿಗೆ ಹೋಗುವವರು ನಮ್ಮ ಚಿಕ್ಕಬಳ್ಳಾಪುರದಲ್ಲೇ ಬಸ್ ಬದಲಾಯಿಸಬೇಕು. ಶಾರದಮ್ಮ ಇನ್ನೂ ಸ್ಟಾಂಡಿನಲ್ಲಿರಬಹುದೆಂದು ಲ್ಯಾಪ್‌ಟಾಪ್ ಚೀಲ ಎತ್ತಿಕೊಂಡು ಆಟೋ ಹಿಡಿದೆ. ಚಪ್ಪಲಿ ಒಂದು ನನ್ನದು, ಒಂದು ನಮ್ಮ ಮನೆಯವರದು ಎಂದು ಗೊತ್ತಾದದ್ದು ಸ್ಟಾಂಡಿನಲ್ಲಿ. ಗೌರಿಬಿದನೂರಿನ ಬಸ್ಸು ಆಗಲೇ ಹೋಗಿತ್ತು. ಮುಂದಿನ ಖಾಸಗಿ ಬಸ್ಸು ಹತ್ತಿದೆ. ಕೈ ಅಡ್ಡ ಹಾಕಿದವರಿಗೆಲ್ಲ ನಿಲ್ಲುವ ಬಸ್ಸು ಅದು. ಒಬ್ಬಾಕೆ ಇಳಿದ ಮೇಲೆ ಮರೆತ ಕೊಡವನ್ನು ಕಿಟಕಿಯಿಂದ ಇಸಿದುಕೊಳ್ಳುವವರೆಗೂ ನಿಂತಿತ್ತು. ನಾನು ಸೀಟಿನಲ್ಲಿ ಕೂರಲಾರದೆ ಡ್ರೈವರ್ ಹಿಂದೆ ನಿಂತೆ.

ಶಾರದಮ್ಮನಿಗೆ ಎಸ್ಸೆಮ್ಮೆಸ್ ಕಳಿಸಿದೆ, ಮೇಲ್ ಮಾಡಿದೆ. ಉತ್ತರ ಬರಲಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಎತ್ತುವುದಿಲ್ಲವೆಂದು ಗೊತ್ತೇ ಇತ್ತು. ಆ ಸಹಾಯವಾಣಿಯ ಕರೆಯಾದ ಮೇಲೆ ಅವರು ಕರೆ ಎತ್ತುವುದನ್ನೇ ಬಿಟ್ಟಿದ್ದರು. ಎತ್ತಿದರೆ ಆ ಕಡೆಯವರು ಹಲೋ ಹಲೋ ಎಂದು ಕೂಗಿ, ಬೈದು ಇಡುತ್ತಾರೆ. ಆ ಅವಮಾನ ಯಾಕೆಂದು ಫೋನನ್ನು ಮೂಕವಾಗಿಸಿ ಚೀಲದ ತಳಕ್ಕೆ ಹಾಕುತ್ತಿದ್ದರು. ಆದರೂ ಮಾಡುತ್ತಲೇ ಹೋದೆ. ಸುಮ್ಮನಿರಲು ಬಾರದ ನನ್ನ ಸ್ವಭಾವ ಅಂದು ಒಂದು ಕೆಲಸಕ್ಕೆ ಬಂತು.

ಮಂಚೇನಹಳ್ಳಿ ದಾಟಿತ್ತು. ರಿಂಗು ನಿಂತಿತು. ಕಟ್ಟಾಯಿತೆಂದು ಫೋನು ನೋಡಿದರೆ ಇಲ್ಲ, ಎತ್ತಿದ್ದಾರೆ. ಆ ಕಡೆ ಏನೂ ಇಲ್ಲ. ಎಲ್ಲೋ ಒಂದು ಕಾಗೆ, ಅಷ್ಟೆ.

“ಶಾರದಮ್ಮ, ನಾನು ಮೇಲ್ ಸರ್ವರಿನ ವಿಮಲಾ. ಮೇನ್ ಸ್ವಿಚ್ ಹಾಕ್ಬೇಡಿ. ನಾನು ಬರೋವರೆಗೂ ಹಾಕ್ಬೇಡಿ. ಕೇಳಿಸ್ತಿದ್ರೆ ಫೋನ್ ಮೇಲೆ ಒಂದು ಸಲ ಬಡೀರಿ.”

ಬಸ್ಸು ಹಾರನ್ ಹೊಡೆಯಿತು. ಕಿವಿಗೆ ಫೋನು ಒತ್ತಿ ಹಿಡಿದೆ. ಟಕ್ ಎಂದು ಒಂದು ಸದ್ದು ಬಂತು.

“ಆಗ್ಲೇ ಹಾಕಿಬಿಟ್ರಾ? ಹೌದು ಅಂದ್ರೆ ಒಂದು ಸಲ, ಇಲ್ಲ ಅಂದ್ರೆ ಎರಡು ಸಲ.”

ಟಕ್. ಕಂಬ ಹಿಡಿದುಕೊಂಡೆ. ಆಮೇಲೆ ಇನ್ನೊಂದು ಟಕ್.

ನಾನು ಹೋಗುವಾಗ ಶಾರದಮ್ಮ ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು. ಕೈಯಲ್ಲಿ ಬೀಗದ ಕೈ ಹಾಗೇ ಇತ್ತು. ಅದನ್ನು ಹುಡುಕಲು ಚೀಲಕ್ಕೆ ಕೈ ಹಾಕಿದಾಗಲೇ ಫೋನು ಬೆಳಗುವುದು ಕಂಡು, ಅಷ್ಟೊಂದು ಕರೆ ಬಂದದ್ದು ನೋಡಿ, ಅಕ್ಕನಿಗೇನಾಯಿತೋ ಎಂದು ಹೆದರಿ ಎತ್ತಿದ್ದರು. ಒಳಗೆ ಹೋಗಿ ಮೊದಲು ಪೆಟ್ಟಿಗೆಯ ನೆಟ್‌ವರ್ಕ್ ಕೇಬಲ್ ಕಿತ್ತೆ. ಆಮೇಲೆ ಮೇನ್ ಸ್ವಿಚ್ ಹಾಕಲು ಹೇಳಿದೆ. ಯಂತ್ರ ಎದ್ದಿತು. ಲ್ಯಾಪ್‌ಟಾಪ್ ಜೋಡಿಸಿ ರುಕ್ಮಿಣಮ್ಮನ ಪೆಟ್ಟಿಗೆ ತೆರೆದರೆ ತಂಗಿಯ ಮೇಲುಗಳೆಲ್ಲ ಸಾಲಾಗಿ ಕೂತಿದ್ದವು. ಬೇರೇನೂ ಮಾಡದೆ ಮೊದಲು ಅವನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ.

ಶಾರದಮ್ಮ ಸ್ಲೇಟು ಹಿಡಿದು ಪಕ್ಕದಲ್ಲೇ ನಿಂತಿದ್ದರು. ಬರೆದರು: “ಅದರಲ್ಲಿ ಏನಿದೆ?”

ಹೇಳಬೇಡ ಎಂದು ರುಕ್ಮಿಣಮ್ಮ ಕೇಳಿಕೊಂಡಿದ್ದರು. ಸುಳ್ಳು ಹೇಳಬಹುದಿತ್ತು, ಕಂಪ್ಯೂಟರಿನವರ ಸುಳ್ಳು ಯಾರಿಗೂ ಗೊತ್ತಾಗುವುದಿಲ್ಲ. ಬಿಸಿಲಲ್ಲಿ ಕಾರಣವನ್ನೂ ಕೇಳದೆ ಕಾದಿದ್ದ ಆ ಮುಖ ನೋಡಿ ನನಗೆ ಬಾಯಿ ಬರಲಿಲ್ಲ.

“ನಿಮ್ಮ ದನಿ,” ಎಂದೆ.

ಅವರು ಸ್ಲೇಟನ್ನು ಮಗುಚಿ ಇಟ್ಟು ಕೂತರು. ಮುಖ ಆಚೆ ತಿರುಗಿಸಿದರು. ಕೋಪವೋ ದುಃಖವೋ ನನಗೆ ತಿಳಿಯಲಿಲ್ಲ, ತಿಳಿಯುವ ಧೈರ್ಯವೂ ಇರಲಿಲ್ಲ. ರುಕ್ಮಿಣಮ್ಮ ಮನೆಗೆ ಹೋಗಿ ವೈರು ಕಿತ್ತು, ಸಿಕ್ಕ ಸಿಕ್ಕ ಬಸ್ಸು ಹಿಡಿದು ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಂದರು. ತಲೆಯಲ್ಲಿ ಇನ್ನೂ ಗೂಡಿನ ನೂಲು ಅಂಟಿತ್ತು. ತಂಗಿಯ ಮುಖ ನೋಡಿದವರೇ ಎಲ್ಲ ಗೊತ್ತಾಗಿದೆಯೆಂದು ತಿಳಿದುಕೊಂಡರು.

“ಅಳಿಸಿದೆ ಅಂತ ನಿಂಗೆ ಸುಳ್ಳು ಹೇಳ್ದೆ ಕಣೇ. ಆಗ್ಲಿಲ್ಲ ನನ್ ಕೈಲಿ. ಬೆಳೆ ಮುಗಿದಾಗೆಲ್ಲ ಒಂದ್ ಸಲ ಕೇಳ್ತೀನಿ.”

ಶಾರದಮ್ಮ ಮುಖ ಎತ್ತಿ ಅಕ್ಕನನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಹಾಕು ಎಂದು ಕೈ ತೋರಿಸಿದರು.

ಮೊದಲನೆಯದನ್ನು ಹಾಕಿದೆ. ಆಸ್ಪತ್ರೆಯ ಫ್ಯಾನಿನ ಸದ್ದು, ಅದರ ನಡುವೆ ಸ್ವಲ್ಪ ಒಡೆದ, ತರಗತಿಯ ಕೊನೆಯ ಬೆಂಚಿಗೂ ತಲುಪುವಂಥ ಗಟ್ಟಿ ಗಂಟಲು. “ಅಕ್ಕ, ನಾಳೆ ಬೆಳಿಗ್ಗೆ ಒಳಕ್ಕೆ ಕರ್ಕೊಂಡೋಗ್ತಾರಂತೆ. ನೀನ್ ಬರ್ಬೇಡ. ಹುಳ ನಾಲ್ಕನೇ ಜ್ವರದಿಂದ ಏಳ್ತಾವೆ, ಸೊಪ್ಪು ತಪ್ಪಿಸಬೇಡ. ನಾನೇನ್ ಎಲ್ಲಿಗೂ ಹೋಗಲ್ಲ.” ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ರುಕ್ಮಿಣಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಶಾರದಮ್ಮ ಅಲುಗಾಡಲಿಲ್ಲ. ಆಪರೇಷನ್ನಿನ ತೂತು ಮರೆಮಾಡಲು ಗಂಟಲಿಗೆ ಕಟ್ಟಿದ್ದ ಬಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡಿದ್ದರು.

ಗೂಡಿಗೆ ಏನಾಯಿತೆಂದು ಆಮೇಲೆ ಕೇಳಿದೆ. ಪಕ್ಕದ ತೋಟದವರು ಸಿಕ್ಕ ಬೆಲೆಗೆ ಕೊಟ್ಟರಂತೆ.

ಸರ್ವರ್ ಆರಿಸಿಕೊಡಿ ಎಂದು ಈಗಲೂ ಕೆಲವರು ನನ್ನ ಹತ್ತಿರ ಬರುತ್ತಾರೆ. ಡವ್‌ಕಾಟೋ ಸೈರಸ್ಸೋ ಎಂದು ಒದ್ದಾಡುವುದಕ್ಕೆ ಮುಂಚೆ, ಯಾವುದು ಹೋದರೆ ನೀವು ತಡೆದುಕೊಳ್ಳಲಾರಿರಿ ಎಂದು ಕೇಳುತ್ತೇನೆ. ಅದಕ್ಕೆ ಎರಡು ಸರ್ವರ್ ಸಾಲದು, ಇವೆರಡರ ಸುದ್ದಿಯೇ ತಿಳಿಯದ ಮೂರನೆಯ ನಕಲೊಂದು ಬೇರೆ ಇರಬೇಕು. ರೆಪ್ಲಿಕೇಷನ್ ಯಂತ್ರ ಕೆಡುವುದರಿಂದ ಕಾಪಾಡುತ್ತದೆ, ನಮ್ಮ ಕೈಯಿಂದ ಕಾಪಾಡುವುದಿಲ್ಲ. ಇಷ್ಟು ವರ್ಷದ ನೌಕರಿಯಲ್ಲಿ ಬಾಯಿಪಾಠವಾಗಿದ್ದ ಈ ಮಾತು ನನಗೆ ಅರ್ಥವಾದದ್ದು ಗೌರಿಬಿದನೂರಿನ ಆ ಮನೆಯಲ್ಲಿ.

ಆದರೆ ಆ ದಿನ ಇನ್ನೊಂದು ಪ್ರಶ್ನೆಯೂ ಬಾಕಿ ಇತ್ತು. ಯಂತ್ರ ಕೇಳದ ಪ್ರಶ್ನೆ, ಅಕ್ಕನೂ ಕೇಳದೇ ಬಿಟ್ಟಿದ್ದ ಪ್ರಶ್ನೆ. ದನಿ ಶಾರದಮ್ಮನದು. ಕಿತ್ತ ಕೇಬಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದೆ. “ಶಾರದಮ್ಮ, ಇಟ್ಕೊಳ್ಳೋಣ್ವಾ? ನೀವು ಬೇಡ ಅಂದ್ರೆ ಈಗಲೇ ಇದನ್ನ ಚುಚ್ತೀನಿ, ಅಕ್ಕನ ಮನೆ ಪೆಟ್ಟಿಗೆ ಎದ್ದ ಕೂಡ್ಲೇ ಇಲ್ಲಿರೋದೂ ಅಳಿಸಿಹೋಗುತ್ತೆ, ಪೆನ್‌ಡ್ರೈವಲ್ಲಿರೋದನ್ನೂ ಅಳಿಸ್ತೀನಿ.”

ರುಕ್ಮಿಣಮ್ಮ ಕಣ್ಣು ಮುಚ್ಚಿಕೊಂಡರು. ಶಾರದಮ್ಮ ಸ್ಲೇಟಿನ ಕಡೆ ಕೈ ಚಾಚಲಿಲ್ಲ. ಬೀಗದ ಕೈಯಿಂದ ಮೇಜಿನ ಮೇಲೆ ಒಂದು ಸಲ ಬಡಿದರು. ಬಸ್ಸಿನಲ್ಲಿ ಮೋಸ ಹೋದವಳು ನಾನು, ಎರಡನೆಯದಕ್ಕೆ ಕಾದೆ.

ಎರಡನೆಯದು ಬರಲಿಲ್ಲ.